ಎಣ್ಣೆ ತಿನ್ನುವ ಬ್ಯಾಕ್ಟೀರಿಯಾ ಮತ್ತು ನಮ್ಮ ಎರಡು ಕಾಲಂ ಸುದ್ದಿ

‘ತೈಲ ನುಂಗುವ ಬ್ಯಾಕ್ಟೀರಿಯಾ ಪತ್ತೆ’ ಎಂಬ ತಲೆಬರಹವನ್ನು ನಾವೂ ಕೊಟ್ಟಿದ್ದೇವೆ. ಪ್ರೆಸ್ ನೋಟ್‌ನಲ್ಲಿ ಜೀನೋಮ್ ಸೀಕ್ವೆನ್ಸಿಂಗ್ ಎಂದಿದ್ದರೆ ‘ವಂಶವಾಹಿ ರಹಸ್ಯ ಬಯಲು’ ಎಂದು ಬದಲಿಸಿ, ಡೆಸ್ಕಿಗೆ ಕಳಿಸಿ ಕೈತೊಳೆದುಕೊಂಡಿದ್ದೇವೆ. ಬಯಲಾದದ್ದೇನು ಎಂದು ಮಾತ್ರ ಕೇಳಿಲ್ಲ.

ಅಲ್ಕನಿವೊರಾಕ್ಸ್ ಬೋರ್ಕುಮೆನ್ಸಿಸ್ (ಹೆಸರು ಹೇಳುವಷ್ಟರಲ್ಲಿ ಡೆಡ್‌ಲೈನ್ ಮುಗಿದಿರುತ್ತದೆ) ಉತ್ತರ ಸಮುದ್ರದ ಬೋರ್ಕುಮ್ ದ್ವೀಪದ ಬಳಿ ಸಿಕ್ಕ ಬ್ಯಾಕ್ಟೀರಿಯಾ. ಶುದ್ಧ ನೀರಲ್ಲಿ ಅಪರೂಪ, ಎಣ್ಣೆ ಬಿದ್ದಲ್ಲಿ ದಂಡುಗಟ್ಟುತ್ತದೆ. 2006ರಲ್ಲಿ ಇದರ ಸುಮಾರು 31 ಲಕ್ಷ ಅಕ್ಷರಗಳ ಜೀನೋಮನ್ನು ಪೂರ್ತಿ ಓದಿ ಪ್ರಕಟಿಸಲಾಯಿತು. ಎಣ್ಣೆಯಲ್ಲಿರುವ ಅಲ್ಕೇನ್‌ಗಳನ್ನು ಒಡೆಯುವ ಜೀನ್‌ಗಳು ಅದರಲ್ಲಿ ಒಂದಲ್ಲ, ಹಲವಿವೆ. ಸೋಪು ಜಿಡ್ಡನ್ನು ಬಿಡಿಸುವ ಹಾಗೆ ಎಣ್ಣೆಯನ್ನು ಹನಿಹನಿ ಮಾಡುವ ವಸ್ತುವನ್ನೂ ಅದು ತಾನೇ ತಯಾರಿಸಿಕೊಳ್ಳುತ್ತದೆ. ಇಷ್ಟು ನಮ್ಮ ತಲೆಬರಹಕ್ಕೆ ಸಾಕು.

ಆದರೆ ಅದೇ ಜೀನೋಮಿನಲ್ಲಿ ಸಾರಜನಕ, ರಂಜಕದಂಥ ಪೋಷಕಗಳನ್ನು ನೀರಿನಿಂದ ಹೆಕ್ಕಿಕೊಳ್ಳುವ ಜೀನ್‌ಗಳೂ ಇವೆ. ಎಣ್ಣೆ ಕೊಡುವುದು ಇಂಗಾಲ ಮಾತ್ರ. ಉಳಿದದ್ದು ಸಿಗದಿದ್ದರೆ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ಗೊಬ್ಬರವಿಲ್ಲದ ಹೊಲದ ಕಥೆ, ನಮ್ಮೂರಿನ ರೈತರಿಗೆ ಬಿಡಿಸಿ ಹೇಳಬೇಕಿಲ್ಲ. 1989ರಲ್ಲಿ ಅಲಾಸ್ಕಾದಲ್ಲಿ ಎಕ್ಸಾನ್ ವಾಲ್ಡೆಜ್ ಹಡಗಿನಿಂದ ಎಣ್ಣೆ ಸೋರಿದಾಗ ದಡದ ಕಲ್ಲುಗಳ ಮೇಲೆ ನಿಜವಾಗಿಯೂ ಗೊಬ್ಬರ ಹಾಕಿದ್ದರು. ಕೆಲಸ ಚುರುಕಾಯಿತು. ಆದರೂ ಗಾಳಿಯಾಡದ ಜಲ್ಲಿಯಡಿ ಹೂತ ಎಣ್ಣೆ ದಶಕಗಳ ನಂತರವೂ ಸಿಕ್ಕಿತು.

ನಮ್ಮ ತಕರಾರು ಸಂಶೋಧನೆಯ ಮೇಲಲ್ಲ. ‘ಬ್ಯಾಕ್ಟೀರಿಯಾ ನುಂಗುತ್ತದೆ’ ಎಂದು ಬರೆದ ಮೇಲೆ ಚೆಲ್ಲಿದವರನ್ನು ಯಾರೂ ಕೇಳುವುದಿಲ್ಲ, ಅದರ ಮೇಲೆ. 2017ರ ಜನವರಿಯಲ್ಲಿ ಚೆನ್ನೈ ಬಳಿಯ ಎಣ್ಣೂರಿನಲ್ಲಿ ಎರಡು ಹಡಗು ಡಿಕ್ಕಿಯಾದಾಗ ದಡಕ್ಕೆ ಬಂದ ಜಿಡ್ಡನ್ನು ಜನ ಬಕೆಟ್‌ನಲ್ಲಿ ಬಾಚಿದರು. ಆ ಬಕೆಟ್ ಹಿಡಿದವರಿಗೆ, ಬಲೆ ಹಾಳಾದವರಿಗೆ ಜೀನೋಮ್ ಪರಿಹಾರ ಕೊಡುವುದಿಲ್ಲ.

ಮಂಗಳೂರು, ಪಾದೂರುಗಳ ನೆಲದಡಿಯ ಸಂಗ್ರಹಾಗಾರಗಳ ಸಾಮರ್ಥ್ಯ ಒಟ್ಟು 40 ಲಕ್ಷ ಟನ್. ಆ ಕಚ್ಚಾತೈಲ ಬರುವುದು ಸಮುದ್ರದ ಮೇಲೆಯೇ. ಹಾಗಾಗಿ ನಮ್ಮ ಕರಾವಳಿಯ ನೀರಿನಲ್ಲಿ, ಮರಳಿನಲ್ಲಿ ಈಗ ಯಾವ ಸೂಕ್ಷ್ಮಜೀವಿಗಳಿವೆ ಎಂಬುದನ್ನು ಎಣ್ಣೆ ಚೆಲ್ಲುವ ಮೊದಲೇ ಓದಿಡಬೇಕು. ಚೆಲ್ಲಿದ ಮೇಲೆ ಹೋಲಿಸಲು ಏನಾದರೂ ಇರಬೇಕಲ್ಲ. ಮುಂದಿನ ಪ್ರೆಸ್ ನೋಟ್ ಬಂದಾಗ ನಾವು ಕೇಳಬೇಕಾದ ಮೊದಲ ಪ್ರಶ್ನೆ: ಪ್ರಯೋಗ ನಡೆದದ್ದು ಫ್ಲಾಸ್ಕಿನಲ್ಲೋ, ಕಡಲಿನಲ್ಲೋ?