‘ಅದಕ್ಕೇನು ನೆನಪಿರುತ್ತೆ?’

ದೆಹಲಿ, ನೋಯ್ಡಾ, ಗುರುಗ್ರಾಮದ ಕನ್ನಡ ಮನೆಗಳಲ್ಲಿ ಕೂಸಿನ ಜೊತೆ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಮಾತಾಡುವುದಕ್ಕೆ ಒಂದು ಸಿದ್ಧ ಸಮರ್ಥನೆ ಇದೆ: ‘ಈಗ ಕನ್ನಡ ಆಡಿದರೂ ಅದಕ್ಕೇನು ನೆನಪಿರುತ್ತೆ? ಬೇಕಿದ್ದರೆ ದೊಡ್ಡದಾದ ಮೇಲೆ ಕಲಿಯುತ್ತೆ.’ ಈ ವಾದದ ಮೊದಲರ್ಧ ಸರಿ. ಮೂರು ವರ್ಷಕ್ಕೆ ಮುಂಚಿನದು ನಮ್ಮಲ್ಲಿ ಬಹುತೇಕರಿಗೆ ನೆನಪಿಲ್ಲ. ಅದರಿಂದ ಹೊರಡಿಸುವ ತೀರ್ಮಾನ ಮಾತ್ರ ಪೂರ್ತಿ ತಪ್ಪು.

ಕೂಸಿನ ಮಿದುಳು ಏನನ್ನೂ ದಾಖಲಿಸುವುದಿಲ್ಲ ಎಂಬುದು ಹಳೆಯ ನಂಬಿಕೆ. 2014ರಲ್ಲಿ ಟೊರಾಂಟೋದ ಪಾಲ್ ಫ್ರಾಂಕ್‌ಲ್ಯಾಂಡ್, ಶೀನಾ ಜೋಸ್ಲಿನ್ ತಂಡ ಇಲಿಮರಿಗಳಲ್ಲಿ ಬೇರೊಂದು ಕಾರಣ ತೋರಿಸಿತು. ನೆನಪು ಕಟ್ಟುವ ಹಿಪೊಕ್ಯಾಂಪಸ್‌ನಲ್ಲಿ ಎಳವೆಯಲ್ಲಿ ಹೊಸ ನರಕೋಶಗಳು ಭರಭರನೆ ಹುಟ್ಟುತ್ತವೆ. ಅವು ಹಳೆಯ ಹೆಣಿಗೆಯನ್ನು ಕದಲಿಸುತ್ತವೆ. ಆ ಹುಟ್ಟನ್ನು ನಿಧಾನಗೊಳಿಸಿದಾಗ ಮರಿಗಳ ನೆನಪು ಹೆಚ್ಚು ಕಾಲ ಉಳಿಯಿತು. 2018ರಲ್ಲಿ ಫ್ರಾಂಕ್‌ಲ್ಯಾಂಡ್ ತಂಡ, ಎಳವೆಯಲ್ಲಿ ನೆನಪು ಮೂಡಿಸಿದ್ದ ಅದೇ ಕೋಶಗಳನ್ನು ಬೆಳಕಿನಿಂದ ಕೆಣಕಿ, ‘ಮರೆತ’ ನೆನಪನ್ನು ಬೆಳೆದ ಇಲಿಗಳಲ್ಲಿ ಮತ್ತೆ ಎಬ್ಬಿಸಿತು. 2025ರಲ್ಲಿ ಯೇಲ್‌ನ ಸಂಶೋಧಕರು ಎಚ್ಚರವಾಗಿರುವ ಕೂಸುಗಳ ಮಿದುಳನ್ನೇ ಸ್ಕ್ಯಾನ್ ಮಾಡಿ, ವರ್ಷ ತುಂಬುವ ಹೊತ್ತಿಗೆ ಹಿಪೊಕ್ಯಾಂಪಸ್ ಅನುಭವವನ್ನು ದಾಖಲಿಸುತ್ತಿರುತ್ತದೆ ಎಂದು ಕಂಡರು. ಅಂದರೆ ಬರೆಯುವ ಕೆಲಸ ನಡೆದಿರುತ್ತದೆ. ಓದುವ ದಾರಿ ಮುಚ್ಚಿರುತ್ತದೆ.

ಇದು ಘಟನೆಗಳ ನೆನಪಿನ ಮಾತಾಯಿತು. ಭಾಷೆಯ ದನಿಗಳು ಮಿದುಳಿನಲ್ಲಿ ಕೂರುವ ಬಗೆಯೇ ಬೇರೆ. ಇಂಗ್ಲಿಷ್ ಮನೆಗಳ ಆರೆಂಟು ತಿಂಗಳ ಕೂಸುಗಳು ಹಿಂದಿಯ ‘ತ’ ಮತ್ತು ‘ಟ’ದ ವ್ಯತ್ಯಾಸ ಗುರುತಿಸುತ್ತವೆ, ವರ್ಷ ತುಂಬುವಷ್ಟರಲ್ಲಿ ಆ ಶಕ್ತಿ ಕುಂದುತ್ತದೆ ಎಂದು ಜ್ಯಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲೇ ತೋರಿಸಿದ್ದರು. ಯಾವ ದನಿ ಬೇಕು, ಯಾವುದು ಬೇಡ ಎಂಬ ಆಯ್ಕೆ ಮಗು ವಾಕ್ಯ ಜೋಡಿಸುವ ಮೊದಲೇ ನಡೆದುಹೋಗುತ್ತದೆ.

ಆಮೇಲೆ ಆ ಭಾಷೆ ಪೂರ್ತಿ ನಿಂತೇಹೋದರೆ? ಚೀನಾದಿಂದ ಸುಮಾರು ಒಂದು ವರ್ಷದ ಪ್ರಾಯದಲ್ಲಿ ದತ್ತು ಬಂದು, ಫ್ರೆಂಚ್ ಮಾತ್ರ ಆಡುತ್ತ ಬೆಳೆದ ಹುಡುಗಿಯರನ್ನು ಮಾಂಟ್ರಿಯಲ್‌ನಲ್ಲಿ ಪರೀಕ್ಷಿಸಿದ ವರದಿ 2014ರಲ್ಲಿ ಬಂತು. ಅವರಿಗೆ ಚೀನೀ ಭಾಷೆಯ ಒಂದು ಪದವೂ ತಿಳಿಯದು. ಆದರೂ ಆ ಭಾಷೆಯ ಸ್ವರದ ಏರಿಳಿತ ಕೇಳಿಸಿದಾಗ ಅವರ ಮಿದುಳು ಸ್ಪಂದಿಸಿದ್ದು ಚೀನೀ ಬಲ್ಲವರ ಹಾಗೆ. ಕೊರಿಯಾದಿಂದ ನೆದರ್‌ಲ್ಯಾಂಡ್ಸ್‌ಗೆ ದತ್ತು ಹೋದವರು ದಶಕಗಳ ನಂತರ ಕೊರಿಯನ್ ದನಿಗಳನ್ನು ಕಲಿಯಲು ಕೂತಾಗ, ಉಳಿದ ಡಚ್ಚರಿಗಿಂತ ಚೆನ್ನಾಗಿ ಉಚ್ಚರಿಸಿದರು. ಆರು ತಿಂಗಳೊಳಗೆ ಹೋದವರೂ ಹಿಂದೆ ಬೀಳಲಿಲ್ಲ.

ಉಳಿಯುವುದು ದನಿಯ ಅಚ್ಚು, ಪದಗಳಲ್ಲ, ವಾಕ್ಯಗಳಲ್ಲ. ಎರಡು ವರ್ಷ ಕನ್ನಡ ಆಡಿ ನಿಲ್ಲಿಸಿದರೆ ಮಗು ಕನ್ನಡಿಗನಾಗಿಬಿಡುತ್ತದೆ ಎಂದು ನಾನು ಹೇಳುತ್ತಿಲ್ಲ. ದೊಡ್ಡವರಾದ ಮೇಲೆ ಕನ್ನಡ ಕಲಿಯಲಾಗದು ಎಂದೂ ಅಲ್ಲ. ಆದರೆ ‘ಆಮೇಲೆ ಕಲಿಯುತ್ತೆ’ ಎನ್ನುವವರೇ ಆ ಕಲಿಕೆಗೆ ಸಿಗಬಹುದಾದ ಬಂಡವಾಳವನ್ನು ಕಿತ್ತುಕೊಳ್ಳುತ್ತಿದ್ದಾರೆ. ‘ಬೆಲೆ’ ಮತ್ತು ‘ಬೆಳೆ’, ‘ಕೊಡು’ ಮತ್ತು ‘ಕೋಡು’ ಬೇರೆಬೇರೆ ಎಂದು ಹಿಂದಿ ಕಲಿಸದು. ತಮಾಷೆಯೆಂದರೆ, ಗುರುಗ್ರಾಮದ ಹರ್ಯಾಣ್ವಿಯಲ್ಲಿ ‘ಳ’ ಇದೆ. ಅದನ್ನೂ ನಾವು ‘ಒರಟು’ ಅಂತ ಮಕ್ಕಳ ಕಿವಿಯಿಂದ ದೂರ ಇಡುತ್ತೇವೆ.

ಹಿಂದಿ ಇವರ ಕೈಬಿಟ್ಟು ಹೋಗುವುದಿಲ್ಲ. ಲಿಫ್ಟಿನಲ್ಲಿ, ಪಾರ್ಕಿನಲ್ಲಿ, ಮಗು ನೋಡಿಕೊಳ್ಳುವ ದೀದಿಯ ಬಾಯಲ್ಲಿ ಅದು ಇದ್ದೇ ಇದೆ. ಇಂಗ್ಲಿಷಿಗೆ ಶಾಲೆಗಳು ಸಾಲುಗಟ್ಟಿವೆ. ಈ ಊರಲ್ಲಿ ಕನ್ನಡಕ್ಕೆ ಇರುವುದು ಮನೆಯೊಂದೇ. ನವೆಂಬರಿನಲ್ಲಿ ಆರ್.ಕೆ. ಪುರಂನ ಕರ್ನಾಟಕ ಸಂಘದಲ್ಲಿ ಭಾಷಣಕ್ಕೆ ಚಪ್ಪಾಳೆ ತಟ್ಟಿ, ಮನೆಗೆ ಬಂದು ತೊಟ್ಟಿಲ ಮುಂದೆ ‘ಕಮ್ ಬೇಬಿ, ಮಿಲ್ಕ್ ಪೀಲೋ’ ಎನ್ನುವುದಕ್ಕೆ ವಿಜ್ಞಾನದ ಹೆಸರು ಹೇಳಬೇಡಿ.

ಊರಿಂದ ಬಂದ ಅಜ್ಜಿಗೆ ‘ಹಿಂದಿಯಲ್ಲೇ ಮಾತಾಡಿಸಿ, ಇಲ್ಲಾಂದ್ರೆ ಮಗು ಗೊಂದಲ ಆಗುತ್ತೆ’ ಎಂದು ತಾಕೀತು ಮಾಡುವುದನ್ನಾದರೂ ನಿಲ್ಲಿಸಿ. ಅವರು ಎಣ್ಣೆ ತಿಕ್ಕುತ್ತ ಆಡಿದ ಮಾತು ಮಗುವಿಗೆ ಮುಂದೆ ನೆನಪಾಗದು, ಅಜ್ಜಿಯ ಮುಖವೂ ನೆನಪಾಗದಿರಬಹುದು. ಅವರ ‘ಳ’ಕಾರ ಉಳಿದೀತು. ಅದಕ್ಕೆ ಅಡ್ಡ ಬರಬೇಡಿ.