ನುಡಿಗೆ ಪೂಜೆ, ನುಡಿವವರಿಗೆ ಉಪವಾಸ

ಐರ್ಲೆಂಡ್ ದೇಶದ ನೈರುತ್ಯ ಕರಾವಳಿಗೆ ಇದಿರಾಗಿ ಬ್ಲಾಸ್ಕೆಟ್ ಎಂಬ ದ್ವೀಪವೊಂದುಂಟು. ಬಲೆ, ದೋಣಿ, ಕೆಲವು ಕುರಿಗಳು, ತುಸು ಆಲೂಗಡ್ಡೆಯ ಹೊಲ, ಇವೇ ಅಲ್ಲಿನ ಬೆಸ್ತರ ಐಶ್ವರ್ಯವಾಗಿದ್ದವು. 1916ರ ಸುಮಾರಿಗೆ ನೂರೈವತ್ತಕ್ಕೆ ಮಿಕ್ಕಿ ಜನರಿದ್ದ ಆ ದ್ವೀಪವನ್ನು 1953ರ ನವೆಂಬರಿನಲ್ಲಿ ಸರಕಾರವು ತೆರವು ಮಾಡಿಸತೊಡಗಿದಾಗ ಉಳಿದಿದ್ದವರು 22 ಮಂದಿ. ಜನರೇ ಬೇಡಿಕೊಂಡರು, ಸರಕಾರವು ಕರುಣೆಯಿಂದ ದಡ ಸೇರಿಸಿತು ಎಂದು ಹೇಳುವವರುಂಟು. ಬೇಡಿಕೊಂಡದ್ದೇನೋ ದಿಟ. ಆದರೆ ಅದು ಕರುಣೆಯೆಂಬ ಹೆಸರಿಗೆ ತಕ್ಕುದೇ?

ಈ ದ್ವೀಪವು ತನ್ನ ದೇಶಭಾಷೆಗೆ ಇತ್ತ ಕಾಣಿಕೆ ಅಲ್ಪವಲ್ಲ. ತೋಮಾಸ್ ಓ ಕ್ರೋಹನ್ ಎಂಬ ಬೆಸ್ತನ ಆತ್ಮಚರಿತ್ರೆ 1929ರಲ್ಲಿಯೂ, ಮಾರಿಸ್ ಓ ಸಲಿವನ್ನನ ಬಾಲ್ಯಕಥನ 1933ರಲ್ಲಿಯೂ, ಪೆಗ್ ಸೇಯರ್ಸ್ ಎಂಬ ಮುದುಕಿಯು ಹೇಳಿ ಬರೆಯಿಸಿದ ಜೀವನವೃತ್ತಾಂತ 1936ರಲ್ಲಿಯೂ ಹೊರಬಂದವು. ಪರದೇಶದ ಪಂಡಿತರು ಶುದ್ಧ ಐರಿಷ್ ನುಡಿಯನ್ನು ಕಲಿಯಲು ಅವರ ಒಲೆಯ ಬಳಿ ಕುಳಿತರು. ಆ ನುಡಿಯನ್ನೇ 1937ರ ರಾಜ್ಯಾಂಗವು ರಾಷ್ಟ್ರದ ಮೊದಲ ಭಾಷೆಯೆಂದು ಸಾರಿತು.

ಇತ್ತ ದ್ವೀಪದ ಗತಿಯೇನು? ವೈದ್ಯನಿಲ್ಲ, ಬಿರುಗಾಳಿಯಲ್ಲಿ ನಂಬತಕ್ಕ ಬಂದರಿಲ್ಲ, 1941ರಲ್ಲಿ ಶಾಲೆಯೂ ಮುಚ್ಚಿತು. 1947ರ ಆರಂಭದಲ್ಲಿ ತರುಣನೊಬ್ಬನು ಮಿದುಳಿನ ಪೊರೆಯ ಬಾವಿನಿಂದ ನರಳಿ, ಕಡಲು ಕೆರಳಿದ್ದುದರಿಂದ ಚಿಕಿತ್ಸೆ ದೊರೆಯದೆ ಮಡಿದನು. ಅದೇ ಏಪ್ರಿಲಿನಲ್ಲಿ, ಬಿರುಗಾಳಿಗೆ ಸಿಕ್ಕಿದ್ದೇವೆ, ತಿನ್ನಲು ಏನೂ ಇಲ್ಲ ಎಂದು ಪ್ರಧಾನಿ ಡಿ ವೆಲೆರಾ ಅವರಿಗೆ ತಂತಿ ಹೋಯಿತು. ಜುಲೈಯಲ್ಲಿ ಅವರು ತಾವೇ ಬಂದು ನೋಡಿದರು. ಸ್ಥಳಾಂತರಕ್ಕೆ ಮತ್ತೆ ಆರು ವರ್ಷ ಹಿಡಿಯಿತು!

ತರುಣರು ಅಮೆರಿಕೆಗೆ ಹೋದರು, ಸರಕಾರವು ಏನು ಮಾಡೀತು ಎಂದು ಕೆಲವರು ಆಕ್ಷೇಪಿಸಬಹುದು. ಸರಿಯೇ, ಆ ವಲಸೆಗೆ ಬಡತನವೂ ಕಾರಣ, ಹೊರಲೋಕದ ಸೆಳೆತವೂ ಕಾರಣ. ಆದರೆ ಬದುಕಲು ಬೇಕಾದುದೊಂದೂ ಇಲ್ಲದ ಕಡೆ ನಿಲ್ಲುವರಾರು? ದಿಕ್ಕುಗಾಣದವನು ಹೊರಡುವೆನೆಂದರೆ ಅದನ್ನು ಸ್ವಂತ ಇಚ್ಛೆಯೆಂದು ಬರೆದುಕೊಳ್ಳುವುದು ನ್ಯಾಯವಲ್ಲ. ಮುದುಕರನ್ನು ದಡಕ್ಕೆ ತಂದುದು ತಪ್ಪಲ್ಲ; ದಡಕ್ಕೆ ತರುವುದೊಂದೇ ದಾರಿಯಾಗುವವರೆಗೆ ಸುಮ್ಮನಿದ್ದುದು ತಪ್ಪು.

1993ರಲ್ಲಿ ಎದುರುದಡದ ಡನ್‌ಕ್ವಿನ್ ಊರಿನಲ್ಲಿ ಆ ದ್ವೀಪದ ಬಾಳನ್ನೂ ಸಾಹಿತ್ಯವನ್ನೂ ತೋರಿಸುವ ಭವನವನ್ನು ಸರಕಾರವು ತೆರೆಯಿತು. ಜನ ಹೋಗಿ ನಾಲ್ವತ್ತು ವರ್ಷಗಳ ಮೇಲೆ!

ವಾಚಕ ಮಹಾಶಯರೇ, ಇದು ದೂರದ ಮಾತೆಂದು ತಳ್ಳಬೇಡಿರಿ. ಹಳ್ಳಿಯ ಹಾಡುಗಳನ್ನು ಸಂಗ್ರಹಿಸಿ ಅಚ್ಚುಹಾಕಿಸುವ ನಾವೂ ಹಾಡಿದವಳ ಮನೆಯಲ್ಲಿ ಒಲೆ ಉರಿಯಿತೇ ಎಂದು ಕೇಳುವುದುಂಟೇ? ಭಾಷಾಭಿಮಾನವು ಅಲ್ಲಿಂದಲೇ ಮೊದಲಾಗತಕ್ಕದ್ದು.