ಮಾವನವರ ಪೇಟಿಗಿ ಬಣ್ಣ ಹಚ್ಚಬ್ಯಾಡ್ರಿ

ಹೋದ ತಿಂಗಳ ನಮ್ಮ ತಂಗಿ ಮಗ ಬೆಂಗಳೂರಿಂದ ಬಂದಿದ್ದ. ಕೆಲಸ ಕಂಪ್ಯೂಟರಿಂದು, ಹುಚ್ಚು ಬೇಸ್ ಗಿಟಾರಿಂದು. ನಾಕು ತಂತಿ, ದಪ್ಪ ದನಿ, ಕರೆಂಟಿನ ಮ್ಯಾಲ ಬಾರಿಸೋದು. ರಾತ್ರಿ ಒಂದರ ತನಾ ಮೊಬೈಲ್ ಹಿಡಕೊಂಡು ಕೂಡ್ತಾನ. ಏನ್ ನೋಡ್ತಿಯೋ ಅಂದ್ರ, "ದೊಡ್ಡವ್ವ, ಈ ಹಳೇ ಗಿಟಾರಿನ ಬಣ್ಣ ಅಸಲಿನೋ, ಆಮ್ಯಾಲ ಹೊಡಸಿದ್ದೋ ಅಂತ ನೋಡ್ಲಿಕತ್ತೀನಿ" ಅಂದ. ಪಡಸಾಲ್ಯಾಗ ಕುಂತವರೆಲ್ಲಾ ನಕ್ರು. ನಮ್ಮ ಮೈದುನ ಅಂತೂ, "ಬಣ್ಣ ನೋಡ್ಲಿಕ್ಕ ನಿದ್ದಿ ಬಿಡ್ತಾನ, ಇವಗೊಂದು ಲಗ್ನ ಮಾಡ್ರಿ" ಅಂದ್ರು.

ನಾನೂ ನಕ್ಕೆ. ಸುಳ್ಳ್ಯಾಕ ಹೇಳಲಿ. ಆದ್ರ ಅದೇ ಮೈದುನ ಮರುದಿನ ಒಂದು ಲೀಟರ್ ಆಯಿಲ್ ಪೇಂಟಿನ ಡಬ್ಬಿ ತಂದಿಟ್ಟು, "ಶ್ರಾವಣದ ಭಜನಿಗಿ ಮೊದಲ ಅಪ್ಪನ ಪೇಟಿಗಿ ಬಣ್ಣ ಹಚ್ಚಿಬಿಡೋಣು ವೈನಿ, ಭಾಳ ಹಳೇದ್ ಕಾಣಸ್ಲಿಕತ್ಯದ" ಅಂದಾಗ ನನ್ನ ನಗಿ ನಿಂತಿತು. ಇವತ್ತಿನ ಜಗಳ ಆ ಡಬ್ಬಿದು. ನಿಮ್ಮ ಮನ್ಯಾಗೂ ಇಂಥದೊಂದು ಡಬ್ಬಿ ಬಂದೇ ಬರ್ತದ, ಅದಕ್ಕ ಬರೀಲಿಕತ್ತೀನಿ.

ಮೊದಲ ಆ ಹುಡುಗನ ಮಾತು ಕೇಳ್ರಿ. ಅಮೆರಿಕಾದ ಕ್ಯಾಲಿಫೋರ್ನಿಯಾದಾಗ ಲಿಯೋ ಫೆಂಡರ್ ಅನ್ನವರ ಕಂಪನಿ 1951ರಾಗ ಪ್ರಿಸಿಷನ್ ಬೇಸ್ ಅನ್ನೋ ಗಿಟಾರ್ ಮಾಡಿ ಮಾರಿತು. ಆಗಿನ ಕಾಲದಾಗ ಬ್ಯಾರೆ ಬಣ್ಣ ಬೇಕಂದ್ರ ಗಿರಾಕಿ ಹೆಚ್ಚಿನ ರೊಕ್ಕ ಕೊಡಬೇಕಿತ್ತು. ಆ ಬಣ್ಣ ಎಲ್ಲಿಂದ ತಂದ್ರು ಗೊತ್ತೇನು? ಕಾರಿಗಿ ಹೊಡೆಯೋ ಬಣ್ಣ! ಫಿಯೆಸ್ಟಾ ರೆಡ್ ಅನ್ನೋದು ಫೋರ್ಡ್ ಕಾರಿಂದು, ಲೇಕ್ ಪ್ಲಾಸಿಡ್ ಬ್ಲೂ ಕ್ಯಾಡಿಲಾಕ್ ಕಾರಿಂದು. ಮ್ಯಾಲಿನ ಪಾಲಿಶ್ ವರ್ಷ ಕಳದಂಗ ಹಳದಿ ಆಗ್ತದ, ಅದಕ್ಕ ನೀಲಿ ಗಿಟಾರ್ ಹಸರು ಕಾಣಸ್ತದ, ಬಿಳೇದು ಕೆನಿ ಬಣ್ಣ ಆಗ್ತದ. ಖರೇ ಬಣ್ಣ ನೋಡಬೇಕಂದ್ರ ಮ್ಯಾಲಿನ ಪ್ಲಾಸ್ಟಿಕ್ ತಗಡು ಬಿಚ್ಚಿ ಅದರ ತಳಗ ನೋಡಬೇಕು, ಬೆಳಕು ಬೀಳದ ಜಾಗಾದಾಗ ಹೊಸದು ಇದ್ದಂಗೇ ಇರ್ತದ. ಅಲ್ಲೇ ಸಣ್ಣ ಮೊಳಿ ತೂತಿರ್ತಾವ. ಬಣ್ಣ ಹೊಡಿವಾಗ ಮೊಳಿ ಮ್ಯಾಲ ನಿಲ್ಲಸಿ, ಒಣಗಿದ ಮ್ಯಾಲ ಕೀಳ್ತಿದ್ರಂತ. ತೂತಿನೊಳಗ ಬರೇ ಕಟ್ಟಿಗಿ ಕಂಡ್ರ ಅಸಲಿ, ಬಣ್ಣ ತುಂಬಿತ್ತಂದ್ರ ಯಾರೋ ಆಮ್ಯಾಲ ಹೊಡಸ್ಯಾರ. ಹಂಗ ಹೊಡಸಿದ್ದಕ್ಕ ಎಷ್ಟೇ ಚಂದ ಇರಲಿ, ಕಿಮ್ಮತ್ತು ಭಾಳ ಇಳೀತದ.

ಈಗ ನಮ್ಮ ಪೇಟಿಗಿ ಬರ್ರಿ. ಹಾರ್ಮೋನಿಯಂ ಹುಟ್ಟಿದ್ದು ಪ್ಯಾರಿಸ್‌ನಾಗ, ಅಲೆಕ್ಸಾಂಡ್ರ್ ದೆಬೇನ್ ಅನ್ನವರು 1840ರ ಸುಮಾರಿಗಿ ಮಾಡಿದ್ದು. ಅದು ಕಾಲಿಂದ ತುಳಿಯೋದು. ನೆಲಕ್ಕ ಕುಂತು ಕೈಯಿಂದ ಬಾತಿ ಒತ್ತೋ ಪೇಟಿನ ಕಲ್ಕತ್ತಾದಾಗ ದ್ವಾರಕಾನಾಥ ಘೋಷ್ ಅನ್ನವರು ಮಾಡಿದ್ರು ಅಂತಾರ. ಮುಂದ ರೇಡಿಯೋದವರು 1940ರಿಂದ ಮೂವತ್ತು ವರ್ಷದ ತನಾ ಹಾರ್ಮೋನಿಯಂ ಬ್ಯಾಡಂದ್ರು. ರೇಡಿಯೋ ಬ್ಯಾಡಂದ್ರ ನಮ್ಮ ಕಡಿ ಯಾರು ಕೇಳ್ತಾರ? ಸೇಡಂದಾಗ, ಚಿಂಚೋಳ್ಯಾಗ ಭಜನಿ ನಿಂತಿಲ್ಲ, ನಾಟಕದ ಪೇಟಿ ಮಾಸ್ತರನ ಕುರ್ಚಿ ಖಾಲಿ ಆಗಿಲ್ಲ.

ನಮ್ಮ ಮಾವನವರು ವಾಡ್ಯಾಗ ಸಿಮೆಂಟ್ ಕಾರ್ಖಾನ್ಯಾಗ ಇದ್ರು. ಪಗಾರ ಉಳಸಿ ಒಂದು ನಾಟಕದ ಕಂಪನಿಯವರ ಹತ್ರ ಹಳೇ ಪೇಟಿ ತಗೊಂಡಿದ್ರು. ಸಾಗವಾನಿ ಕಟ್ಟಿಗಿ, ಮ್ಯಾಲ ಚಪಡಾ ಪಾಲಿಶ್. ಚಪಡಾ ಅಂದ್ರ ಅರಗು. ಮುತ್ತಲ ಗಿಡಕ್ಕ, ಬಾರಿ ಗಿಡಕ್ಕ ಹುಳ ಹತ್ತಿ ಬರ್ತದಲ್ಲ, ಅದೇ. ಸ್ಪಿರಿಟ್‌ನಾಗ ಕರಗಿಸಿ ಅರಿಬಿ ಉಂಡಿಯಿಂದ ತೆಳ್ಳಗ ಒಂದರ ಮ್ಯಾಲ ಒಂದು ತಿಕ್ಕೋದು. ನಿಮ್ಮ ಮನಿ ಪೇಟಿ, ಕಪಾಟು ಯಾವ ಪಾಲಿಶಿಂದು ಅಂತ ನೋಡಬೇಕಂದ್ರ ಹಿಂದಿನ ಮೂಲಿಗಿ ಹತ್ತಿಲೆ ಒಂದ್ ಹನಿ ಸ್ಪಿರಿಟ್ ಹಚ್ಚಿ ನೋಡ್ರಿ, ಅಂಟಂಟು ಆದ್ರ ಚಪಡಾ. ಇನ್ನ ಬಿಜಾಗ್ರಿ ಸ್ಕ್ರೂ ಬಿಚ್ಚಿ ತಳಗ ನೋಡ್ರಿ, ಗಿಟಾರಿಗಿ ಮಾಡಿದಂಗೇ. ನಮ್ಮ ಪೇಟಿ ಈಗ ಕರ್ರಗ ಕಾಣಸ್ತದ, ಬಿಜಾಗ್ರಿ ತಳಗ ಮಾತ್ರ ಜೋನಿಬೆಲ್ಲದ ಬಣ್ಣ ಹಂಗೇ ಅದ. ನಾನು ಈ ಮನಿಗಿ ಬಂದು ಮೂವತ್ತು ವರ್ಷದ ಮ್ಯಾಲಾತು, ಅದರ ಖರೇ ಬಣ್ಣ ನೋಡಿದ್ದು ಹೋದ ತಿಂಗಳ.

"ವೈನಿ, ಇದು ಬಾರಸೋ ಸಾಮಾನು, ಪೂಜಾ ಮಾಡೋದಲ್ಲ" ಅಂತಾರ ಮೈದುನ. ಖರೇ. ಬಾರಸ್ಲಿಕ್ಕ ಬೇಕಂತೇ ಹೇಳ್ಲಿಕತ್ತೀನಿ. ಬಾತಿ ಚರ್ಮ ಹರದ್ರ ಹೊಸದು ಹಾಕಸ್ರಿ, ಗಾಳಿ ಸೋರಿದ್ರ ಮುಚ್ಚಸ್ರಿ, ಅದಕ್ಕ ಯಾರು ಬ್ಯಾಡಂತಾರ. ಆದ್ರ ಆಯಿಲ್ ಪೇಂಟ್ ಹಚ್ಚೋ ಮೊದಲ ಸ್ಯಾಂಡ್ ಪೇಪರ್ ತಿಕ್ತಾರ. ಆ ಪುಡಿ ಒಳಗ ಇಳದು ಹಿತ್ತಾಳಿ ರೀಡಿನ ಸಂದ್ಯಾಗ ಕುಂತ್ರ ಸ್ವರ ಕಟ್ತದ. ರೀಡಿನ ನಾಲಿಗಿ ಒಂದು ಕೂದಲಷ್ಟು ಜಾಗಾದಾಗ ನಡಗಬೇಕು, ಅದಕ್ಕ ಧೂಳೇ ವೈರಿ. ಪೇಂಟ್ ಹರದು ಮನಿಗಳ ಸಂದ್ಯಾಗ ಇಳದ್ರ ಒತ್ತಿದ ಮನಿ ಮ್ಯಾಲ ಏಳಂಗಿಲ್ಲ. ಆಮ್ಯಾಲ ಅರ್ಧಂಬರ್ಧ ಗೊತ್ತಿದ್ದವರು ಯಾರೋ ಬಂದು ರೀಡು ಕಾನಸಿಂದ ಕೆರೀತಾರ. ತುದಿಗಿ ಕೆರದ್ರ ಸ್ವರ ಏರ್ತದ, ಬುಡಕ್ಕ ಕೆರದ್ರ ಇಳೀತದ. ಕೆರದ ಹಿತ್ತಾಳಿ ತಿರುಗಿ ಬೆಳೆಯಂಗಿಲ್ಲ. ನಮ್ಮ ಓಣ್ಯಾಗ ಮೂರು ಪೇಟಿ ಇದ್ವು. ಒಂದು ಹಿಂಗ ಹಸರು ಬಣ್ಣ ಕುಡದು ಮೂಕ ಆತು, ಈಗ ಅದರ ಮ್ಯಾಲ ಟಿವಿ ಇಟ್ಟಾರ. ಒಂದು ಗುಜರಿಯವನ ಬಂಡಿ ಹತ್ತಿತು, ತಕ್ಕಡ್ಯಾಗ ತೂಗಿ ಕೊಟ್ರು. ಉಳದಿದ್ದು ನಮ್ಮದೊಂದೇ.

"ಹೆಂಗಸರಿಗಿ ಇದೇನ್ ತಿಳೀತದ" ಅನ್ನೋ ಮಾತು ಬರ್ತದ ನೋಡ್ರಿ, ಅದಕ್ಕೂ ಒಂದ್ ಹೇಳ್ತೀನಿ. ಇಳಕಲ್ ಸೀರಿ ಕೈಯಾಗ ಹಿಡದ್ರ ಕಣ್ಣು ಮುಚ್ಚಿ ಹೇಳ್ತೀವಿ, ಸೆರಗು ಖರೇ ರೇಷ್ಮಿದೋ ಅಲ್ಲೋ. ಮೈ ಎಳಿಗಿ ಸೆರಗಿನ ಎಳಿ ಕೊಂಡಿ ಹಾಕಿ ಕೂಡಿಸಿದ ಜಾಗ ಬೆರಳಿಗೇ ಗೊತ್ತಾಗ್ತದ. ನಮ್ಮ ಅವ್ವನ ಸೀರಿ ಹಳೇದಾಗ್ಯದ ಅಂತ ಯಾರಾದ್ರೂ ಮ್ಯಾಲ ಬ್ಯಾರೆ ಬಣ್ಣ ಅದ್ದಸಿದ್ರ ಸುಮ್ನ ಇರ್ತೀವೇನು? ತಂಗಿ ಮಗ ಮಾಡೋದೂ ಅದೇ ಕೆಲಸ. ನಮ್ಮದು ಸೀರಿ, ಅವಂದು ಗಿಟಾರ್, ಅಷ್ಟೇ ಫರಕ್.

ಹಳೇದರ ಬೆಲಿ ಗೊತ್ತಿಲ್ಲದ ಕೈ ಏನ್ ಮಾಡ್ತದ ಅಂತ ನೋಡ್ಲಿಕ್ಕ ಭಾಳ ದೂರ ಹೋಗೋದು ಬ್ಯಾಡ, ನಮ್ಮ ಚಿತ್ತಾಪುರ ತಾಲೂಕಿನ ಸನ್ನತಿಗಿ ಹೋಗ್ರಿ. 1986ರಾಗ ಚಂದ್ರಲಾಂಬಾ ಗುಡಿ ಆವರಣದಾಗ ಕಾಳಮ್ಮನ ಗುಡಿ ಮಾಳಗಿ ಬಿತ್ತು. ಮೂರ್ತಿ ತಳಗಿನ ಪೀಠದ ಕಲ್ಲು ನೋಡಿದ್ರ ಅಶೋಕ ರಾಜನ ಶಾಸನ! ಎರಡು ಸಾವಿರ ವರ್ಷದ ಮ್ಯಾಲಿನ ಅಕ್ಷರ. ಯಾವಾಗೋ ಯಾರೋ ಮೂರ್ತಿ ಕೂಡಸ್ಲಿಕ್ಕಂತ ಆ ಕಲ್ಲಿನ ನಡುವ ತೂತು ಹೊಡದಿದ್ರು. ಆ ತೂತಿನಾಗಿದ್ದ ಅಕ್ಷರ ಹೋದ್ವು. ತೂತು ಹೊಡದವರಿಗಿ ಕೆಟ್ಟ ಮನಸಿರಲಿಲ್ಲ, ದೇವರ ಕೆಲಸಂತೇ ಹೊಡದಿದ್ರು. ನಮ್ಮ ಮೈದುನನೂ ಭಜನಿ ಸಲುವಾಗೇ ಡಬ್ಬಿ ತಂದಿದ್ರು.

ನಾ ಏನ್ ದೊಡ್ಡ ಶಾಣ್ಯಾಕಿ ಅಲ್ಲ. ಪೇಟಿ ಮುಂದ ಒಂದು ಹಿತ್ತಾಳಿ ಪಟ್ಟಿ ಇತ್ತು, ಅದರ ಮ್ಯಾಲ ಮಾಡಿದವರ ಹೆಸರು, ಊರು ಕೆತ್ತಿತ್ತು. ಲಗ್ನ ಆಗಿ ಬಂದ ಹೊಸದಾಗಿ, ಅತ್ತಿ ಮೆಚ್ಚಲಿ ಅಂತ ಪ್ರತಿ ಹಬ್ಬಕ್ಕ ಹುಣಸಿಹಣ್ಣು, ಬೂದಿ ಹಚ್ಚಿ ತಿಕ್ಕಿ ತಿಕ್ಕಿ ಫಳಫಳ ಮಾಡಿದೆ. ಈಗ ಪಟ್ಟಿ ಕನ್ನಡಿ ಆಗ್ಯದ, ಒಂದಕ್ಷರ ಇಲ್ಲ. ಯಾರು ಮಾಡಿದ ಪೇಟಿ ಅಂತ ಹುಡುಗ ಕೇಳ್ದಾಗ ನನ್ನ ಹತ್ರ ಉತ್ತರ ಇರಲಿಲ್ಲ. ಮಾವನವರೂ ಇಲ್ಲ ಕೇಳ್ಲಿಕ್ಕ.

ಬಾತಿ ಮ್ಯಾಲ, ಎಡಗೈ ಒತ್ತೋ ಜಾಗಾದಾಗ, ಪಾಲಿಶ್ ಪೂರಾ ಹೋಗಿ ಕಟ್ಟಿಗಿ ಬೆಳ್ಳಗ ಆಗ್ಯದ. ನಾಕು ಬೆರಳು, ಅಂಗೈ ಬುಡ, ಎಲ್ಲಾ ಕಾಣಸ್ತದ. ತತ್ವಪದ ಹಾಡಿ ಹಾಡಿ ಮಾವನವರು ಸವಸಿದ್ದು. ನನ್ನ ಕೈ ಇಟ್ಟು ನೋಡಿದೆ, ಸಣ್ಣದಾಗ್ತದ. ಮೈದುನಗ ಕರದು, "ನೀವ್ ಇಟ್ಟು ನೋಡ್ರಿ" ಅಂದೆ. ಇಟ್ರು. ಬರೋಬರಿ ಕುಂತಿತು. ಏನೂ ಅನ್ನದೇ ಹೊರಗ ಹೋಗಿ ಚಾ ಕುಡದ್ರು.

ತಂಗಿ ಮಗಗೂ ಒಂದ್ ಮಾತು ಅಂದೇ ಕಳಸೀನಿ. ಹಳೇ ಗಿಟಾರ್ ಬೇಕಾದ್ರ ತಗೊ, ಕಾಜಿನ ಕಪಾಟಿನಾಗ ಇಟ್ಟು ಕೀಲಿ ಹಾಕಬ್ಯಾಡ, ಬಾರಸು ಅಂತ. ಹ್ಞೂಂ ಅಂದಾನ, ನೋಡಬೇಕು.

ಶ್ರಾವಣ ಸೋಮವಾರ ಸಂಜಿಗಿ ನಮ್ಮ ಮನ್ಯಾಗ ಭಜನಿ ಅದ, ಎಲ್ಲಾರೂ ಬರ್ರಿ. ಪೇಟಿ ಹಿಂಗೇ ಕರ್ರಗೇ ಇರ್ತದ. ಮೈದುನ ತಂದ ಪೇಂಟು ಬಚ್ಚಲ ಬಾಗಲಾಕ ಹಚ್ಚೀನಿ, ಇನ್ನೂ ಅರ್ಧ ಡಬ್ಬಿ ಉಳದದ. ಯಾರಿಗರ ತಗಡಿನ ಬಾಗಲಾ ಇದ್ರ ಒಯ್ರಿ.